ಹೆಸರು ಕೊಟ್ಟವರು, ಕುರ್ಚಿ ಕೊಟ್ಟವರು: ಸಮೋವಾದ ಪ್ರಧಾನಿಗಳ ಕಥೆ

ಮೊನ್ನೆ ಮಾತಾಡಿದ್ದನ್ನೇ ಬರೆದುಕೊಡಿ ಅಂತ ಕೆಲವು ಗೆಳೆಯರು ಕೇಳಿದರು. ಅವತ್ತು ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಮೊದಲು ಒಂದು ಹೆಸರು ಹೇಳುತ್ತೇನೆ. ಫಿಯಾಮೆ ನವೋಮಿ ಮತಾಫಾ. 2021ರಿಂದ 2025ರವರೆಗೆ ಸಮೋವಾದ ಪ್ರಧಾನಿಯಾಗಿದ್ದವರು, ಆ ದೇಶದ ಮೊದಲ ಮಹಿಳಾ ಪ್ರಧಾನಿ. ಈ ಮೂರು ಪದಗಳಲ್ಲಿ ಹುಟ್ಟಿದಾಗ ಇಟ್ಟ ಹೆಸರು ನಡುವಿನದು ಮಾತ್ರ, ನವೋಮಿ. ಫಿಯಾಮೆ ಅನ್ನುವುದು ಪಟ್ಟ. ಮತಾಫಾ ಕೂಡ ಮೂಲದಲ್ಲಿ ಪಟ್ಟವೇ. ಅದು ಅವರ ತಂದೆಗೆ ಇತ್ತು, ಇವರಿಗೆ ಬರಲಿಲ್ಲ, ಮನೆ ಹೆಸರಾಗಿ ಮಾತ್ರ ಉಳಿದುಕೊಂಡಿತು. ಅಂದರೆ ಒಬ್ಬರ ಹೆಸರನ್ನು ಸರಿಯಾಗಿ ಓದಿದರೆ ಸಾಕು, ಆ ಮನೆತನದ ಮೂರು ತಲೆಮಾರಿನ ಕಥೆಯೇ ಅದರಲ್ಲಿದೆ.

ಸಮೋವಾ ಎಲ್ಲಿದೆ ಅಂತ ಬೇಗ ಹೇಳಿ ಮುಂದೆ ಹೋಗುತ್ತೇನೆ. ದಕ್ಷಿಣ ಪೆಸಿಫಿಕ್ ಸಾಗರದಲ್ಲಿ, ಹವಾಯಿಗೂ ನ್ಯೂಜಿಲೆಂಡಿಗೂ ಸುಮಾರು ನಡುವೆ. ಉಪೋಲು, ಸವಾಯಿ ಅಂತ ಎರಡು ದೊಡ್ಡ ದ್ವೀಪಗಳು, ಜೊತೆಗೆ ಕೆಲವು ಪುಟ್ಟವು. ರಾಜಧಾನಿ ಆಪಿಯಾ. ಪಕ್ಕದ ಅಮೆರಿಕನ್ ಸಮೋವಾ ಬೇರೆ, ಅದು ಅಮೆರಿಕದ ಕೈಯಲ್ಲಿದೆ. ಸ್ವತಂತ್ರ ಸಮೋವಾದ ಜನಸಂಖ್ಯೆ ಸುಮಾರು 2 ಲಕ್ಷ. ನಮ್ಮ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಅಷ್ಟು ಮತದಾರರೇ ಇರುತ್ತಾರೆ, ಅಲ್ವಾ? ಅಷ್ಟು ಜನರಿಗೆ ಒಂದು ಸಂಸತ್ತು, ಒಂದು ಸಂವಿಧಾನ, ಒಬ್ಬ ಪ್ರಧಾನಿ, ಒಬ್ಬ ರಾಷ್ಟ್ರಾಧ್ಯಕ್ಷ.

ಪಟ್ಟ ಅಂದೆನಲ್ಲ, ಅದನ್ನು ಬಿಡಿಸಿ ಹೇಳದಿದ್ದರೆ ಮುಂದಿನದು ಏನೂ ಅರ್ಥವಾಗುವುದಿಲ್ಲ. ಸಮೋವಾದಲ್ಲಿ ದೊಡ್ಡ ಕುಟುಂಬಕ್ಕೆ ಆಯಿಂಗಾ ಅನ್ನುತ್ತಾರೆ. (ಅವರು ಬರೆಯುವಾಗ 'ಗ' ಅಕ್ಷರ ಹಾಕುತ್ತಾರೆ, ಹೇಳುವಾಗ 'ಂಗ' ಅಂತ ಹೇಳುತ್ತಾರೆ.) ಆ ಕುಟುಂಬದ ಯಜಮಾನಿಕೆಗೆ ಒಂದು ಹೆಸರು ಇರುತ್ತದೆ. ಆ ಹೆಸರು ಹೊತ್ತವರು ಮತಾಯಿ. ಯಜಮಾನ ಸತ್ತರೆ ಹಿರಿಯ ಮಗನಿಗೆ ತಾನಾಗಿ ಹೋಗುವುದಿಲ್ಲ. ಕುಟುಂಬದವರೆಲ್ಲ ಕೂತು ಮಾತಾಡಬೇಕು. ತಂದೆಯ ಕಡೆಯವರು, ತಾಯಿಯ ಕಡೆಯವರು, ಗಂಡಸರು, ಹೆಂಗಸರು, ಯಾರು ಬೇಕಾದರೂ ಹಕ್ಕು ಹೇಳಬಹುದು. ತಿಂಗಳುಗಟ್ಟಲೆ ಮಾತು ನಡೆಯಬಹುದು. ಒಮ್ಮತಕ್ಕೆ ಬಂದರೆ ಸಾವೊಫಾಯಿ ಅನ್ನುವ ಪಟ್ಟಾಭಿಷೇಕ, ಆವಾ ಬೇರಿನ ಪಾನೀಯ, ನಯವಾಗಿ ನೇಯ್ದ ಚಾಪೆಗಳ ಉಡುಗೊರೆ, ಊರಿಗೆಲ್ಲ ಊಟ. ಒಮ್ಮತ ಆಗದಿದ್ದರೆ ಅದಕ್ಕೆಂದೇ ಒಂದು ಕೋರ್ಟು ಇದೆ, ಭೂಮಿ ಮತ್ತು ಪಟ್ಟಗಳ ಕೋರ್ಟು. ಹೆಸರಿನ ಜೊತೆಗೇ ಕುಟುಂಬದ ಜಮೀನಿನ ಹೊಣೆಯೂ ಬರುತ್ತದೆ. ಸರಿಯಾಗಿ ನಡೆದುಕೊಳ್ಳದಿದ್ದರೆ ಕೊಟ್ಟ ಕುಟುಂಬವೇ ಹೆಸರನ್ನು ವಾಪಸ್ ತೆಗೆದುಕೊಳ್ಳಬಹುದು.

ಮತಾಯಿ ಆಗದವರು ಸಂಸತ್ತಿಗೆ ನಿಲ್ಲುವಂತಿಲ್ಲ, ಇವತ್ತಿಗೂ. ಹಾಗಾಗಿ ಅಲ್ಲಿನ ರಾಜಕಾರಣಿಯ ಕಥೆ ಚುನಾವಣೆಯಿಂದ ಶುರುವಾಗುವುದಿಲ್ಲ, ಒಂದು ಮನೆಯ ಜಗುಲಿಯಿಂದ ಶುರುವಾಗುತ್ತದೆ. ನಾನು ಅವತ್ತು ಹೇಳಬೇಕೆಂದು ಹೊರಟಿದ್ದೂ ಇದನ್ನೇ. ಸಮೋವಾದ ನಾಯಕನ ಹೆಸರು ಒಂದು ಮನೆತನ ಕೊಟ್ಟದ್ದು, ಕುರ್ಚಿ ಸಭೆ ಕೊಟ್ಟದ್ದು. ಎರಡನ್ನೂ ಕೊಟ್ಟವರು ಕೇಳಿದಾಗ ವಾಪಸ್ ಕೊಡಬೇಕು. ಅಲ್ಲಿನ ಒಬ್ಬೊಬ್ಬ ಪ್ರಧಾನಿಯೂ ಅದನ್ನು ಹೇಗೆ ವಾಪಸ್ ಕೊಟ್ಟರು ಅನ್ನುವುದೇ ನನಗೆ ದೊಡ್ಡ ಕುತೂಹಲ.

ಈ ಹೆಸರಿನ ಶಕ್ತಿ ಆಳಲು ಬಂದವರಿಗೂ ಗೊತ್ತಿತ್ತು. 1900ರಿಂದ ಜರ್ಮನಿ ಆಳಿತು. 1914ರ ಆಗಸ್ಟಿನಲ್ಲಿ, ಮೊದಲ ಮಹಾಯುದ್ಧ ಶುರುವಾದ ಕೂಡಲೇ ನ್ಯೂಜಿಲೆಂಡ್ ಸೈನ್ಯ ಬಂದು ಹಿಡಿದುಕೊಂಡಿತು. 1918ರ ನವೆಂಬರ್ 7ಕ್ಕೆ ಆಕ್ಲೆಂಡಿನಿಂದ ತಲೂನೆ ಅನ್ನುವ ಹಡಗು ಆಪಿಯಾಕ್ಕೆ ಬಂತು. ಅದರಲ್ಲಿ ಇನ್‌ಫ್ಲುಯೆಂಜಾ ಜ್ವರದವರಿದ್ದರು. ಯಾರನ್ನೂ ತಡೆಯಲಿಲ್ಲ, ಪ್ರತ್ಯೇಕ ಇಡಲಿಲ್ಲ. ಕೆಲವೇ ವಾರಗಳಲ್ಲಿ ಸುಮಾರು 8,500 ಜನ ಸತ್ತರು, ಹೆಚ್ಚುಕಡಿಮೆ ಐದರಲ್ಲಿ ಒಬ್ಬರು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಬಂದರು ಮುಚ್ಚಿದ್ದರು, ಅಲ್ಲಿ ಆ ಜ್ವರದಿಂದ ಯಾರೂ ಸಾಯಲಿಲ್ಲ. ಇದನ್ನು ಓದಿದಾಗ ಮೈ ಜುಮ್ಮೆನ್ನುತ್ತದೆ. ಸತ್ತವರಲ್ಲಿ ಮತಾಯಿಗಳು ಬಹಳ ಮಂದಿ. ಹಿರಿಯರೇ ಇಲ್ಲದ ಮನೆಗಳು, ಅಲ್ಲಿಂದ ಎದ್ದ ಸಿಟ್ಟು.

ಆ ಸಿಟ್ಟಿಗೆ 1920ರ ದಶಕದಲ್ಲಿ ಮಾವು ಅನ್ನುವ ಚಳವಳಿಯ ರೂಪ ಬಂತು. ಸಮೋವಾ ಸಮೋವಾದವರಿಗೆ ಅನ್ನುವುದು ಅವರ ಮಾತು. ತೆರಿಗೆ ಕಟ್ಟಲಿಲ್ಲ, ಸರ್ಕಾರಿ ಸಭೆಗಳಿಗೆ ಹೋಗಲಿಲ್ಲ, ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಲಿಲ್ಲ. ಕೈಯಲ್ಲಿ ಆಯುಧ ಹಿಡಿಯಲಿಲ್ಲ. ಆಗಿನ ಆಡಳಿತಾಧಿಕಾರಿ ರಿಚರ್ಡ್‌ಸನ್ ಏನು ಮಾಡಿದರು ಗೊತ್ತಾ? ಎದುರು ಮಾತಾಡಿದ ಮತಾಯಿಗಳನ್ನು ಊರಿನಿಂದ ಹೊರಗೆ ಹಾಕಿದರು, ಪಟ್ಟದ ಹೆಸರು ಬಳಸಬಾರದು ಅಂತ ಆಜ್ಞೆ ಹೊರಡಿಸಿದರು. ಕುಟುಂಬ ಕೊಟ್ಟ ಹೆಸರನ್ನು ಒಬ್ಬ ಪರದೇಶದ ಅಧಿಕಾರಿ ಕಸಿದುಕೊಳ್ಳುವುದು! ಜೈಲಿಗಿಂತ ಅದು ಜಾಸ್ತಿ ನೋವು ಕೊಟ್ಟಿರಬೇಕು. ಚಳವಳಿಗೆ ಹಣ, ಬುದ್ಧಿ ಎರಡನ್ನೂ ಕೊಟ್ಟ ವ್ಯಾಪಾರಿ ಓಲಾಫ್ ನೆಲ್ಸನ್ ಅವರನ್ನು 1928ರಲ್ಲಿ ದೇಶದಿಂದಲೇ ಗಡಿಪಾರು ಮಾಡಿದರು.

1929ರ ಡಿಸೆಂಬರ್ 28, ಶನಿವಾರ. ಗಡಿಪಾರಾಗಿ ವಾಪಸ್ ಬರುತ್ತಿದ್ದವರನ್ನು ಸ್ವಾಗತಿಸಲು ಆಪಿಯಾದ ಬೀದಿಯಲ್ಲಿ ಮೆರವಣಿಗೆ ಹೊರಟಿತ್ತು. ಪೊಲೀಸರು ಯಾರನ್ನೋ ಬಂಧಿಸಲು ನುಗ್ಗಿದರು, ಗಲಾಟೆಯಾಯಿತು, ಗುಂಡು ಹಾರಿತು. ಮೆಷಿನ್ ಗನ್ ಕೂಡ ಹಾರಿತು. ಮುಂಚೂಣಿಯಲ್ಲಿದ್ದ ತುಪುವಾ ತಮಸೆಸೆ ಲೆಯಾಲೊಫಿ 3ನೆಯವರು ತಮ್ಮ ಜನರಿಗೆ ಶಾಂತಿ, ಶಾಂತಿ ಅಂತ ಕೂಗುತ್ತಿದ್ದಾಗಲೇ ಗುಂಡು ತಗುಲಿತು. ಮಾರನೇ ದಿನ ತೀರಿಕೊಂಡರು. ನನ್ನ ಸಾವಿಗೆ ಸೇಡು ತೀರಿಸಿಕೊಳ್ಳಬೇಡಿ, ಏನೇ ಆದರೂ ಶಾಂತಿ ಕಾಪಾಡಿ ಅಂತ ಹೇಳಿ ಹೋದರು. ಆ ಮಾತನ್ನು ಸಮೋವಾದವರು ಇವತ್ತಿಗೂ ಮರೆತಿಲ್ಲ. 2002ರಲ್ಲಿ ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಆಪಿಯಾಕ್ಕೆ ಬಂದು ಇದಕ್ಕೂ, 1918ರ ಜ್ವರಕ್ಕೂ ಕ್ಷಮೆ ಕೇಳಿದರು. 70 ವರ್ಷಕ್ಕೂ ಮೇಲಾಗಿತ್ತು ಆಗ.

ತಮಸೆಸೆ ಹೋದ ಮೇಲೆ ಚಳವಳಿಯ ಮುಂದಾಳಾದವರು ಮತಾಫಾ ಫೌಮುಯಿನಾ. ನಾವು ಶುರುವಿನಲ್ಲಿ ನೋಡಿದ ನವೋಮಿಯ ಅಜ್ಜ.

ಸ್ವಾತಂತ್ರ್ಯ ಬಂದದ್ದು 1962ರ ಜನವರಿ 1ಕ್ಕೆ. ಪೆಸಿಫಿಕ್ ದ್ವೀಪಗಳಲ್ಲಿ ಮೊದಲು ಸ್ವತಂತ್ರವಾದದ್ದು ಇದೇ. ಹಿಂದಿನ ವರ್ಷ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಜನಮತ ಕೇಳಿದಾಗ ವಯಸ್ಸಿಗೆ ಬಂದ ಎಲ್ಲರೂ ಮತ ಹಾಕಿದ್ದರು. ಆದರೆ ಅವರು ಒಪ್ಪಿದ ಸಂವಿಧಾನದ ಪ್ರಕಾರ ಮುಂದಿನ ಚುನಾವಣೆಗಳಲ್ಲಿ ಮತ ಹಾಕುವುದು ಮತಾಯಿಗಳು ಮಾತ್ರ, ಸಮೋವಾದ ಮೂಲದವರಲ್ಲದವರಿಗೆ ಮೀಸಲಿಟ್ಟ ಎರಡು ಸೀಟು ಬಿಟ್ಟರೆ. ಎಲ್ಲರೂ ಸೇರಿ ಮತ ಹಾಕಿ, ಇನ್ನು ಮುಂದೆ ನಮ್ಮ ಯಜಮಾನರೇ ಮತ ಹಾಕಲಿ ಅಂತ ಒಪ್ಪಿದಂತಾಯಿತು. ನಮಗೆ ವಿಚಿತ್ರ ಅನ್ನಿಸಬಹುದು. ಯಜಮಾನನ ಕೈಗೆ ಹೆಸರು ಕೊಟ್ಟವರು ತಾವೇ, ಹಾಗಾಗಿ ಅವನ ಮತ ತಮ್ಮದೇ ಅನ್ನುವ ನಂಬಿಕೆ ಅದರ ಹಿಂದೆ ಇತ್ತು.

ದೇಶದಲ್ಲಿ ನಾಲ್ಕು ಅತಿ ದೊಡ್ಡ ಪಟ್ಟಗಳಿವೆ: ಮಲಿಯೆತೊವಾ, ತುಪುವಾ ತಮಸೆಸೆ, ಮತಾಫಾ, ತುಯಿಮಲೆಯಾಲಿಫಾನೊ. ತಮಾ ಆ ಆಯಿಂಗಾ ಅಂತ ಕರೆಯುತ್ತಾರೆ. ಸ್ವಾತಂತ್ರ್ಯ ಬಂದಾಗ ಇಬ್ಬರನ್ನು, ಮಲಿಯೆತೊವಾ ಮತ್ತು ತಮಸೆಸೆಯನ್ನು, ಜೊತೆಯಾಗಿ ಜೀವನಪರ್ಯಂತ ರಾಷ್ಟ್ರಾಧ್ಯಕ್ಷರನ್ನಾಗಿ ಮಾಡಿದರು. ಮರುವರ್ಷವೇ ತುಪುವಾ ತಮಸೆಸೆ ಮೆಯಾವೊಲೆ ತೀರಿಕೊಂಡರು. ಮಲಿಯೆತೊವಾ ತನುಮಾಫಿಲಿ 2ನೆಯವರು 2007ರವರೆಗೆ, 94ರ ವಯಸ್ಸಿನವರೆಗೆ ಇದ್ದರು. ಆಮೇಲೆ ಸಂಸತ್ತು ಐದು ವರ್ಷಕ್ಕೊಮ್ಮೆ ಆರಿಸುವ ಪದ್ಧತಿ ಬಂತು.

ಮತಾಫಾ ಪಟ್ಟದವರಿಗೆ ಪ್ರಧಾನಿ ಸ್ಥಾನ. ಫಿಯಾಮೆ ಮತಾಫಾ ಫೌಮುಯಿನಾ ಮುಲಿನುವು 2ನೆಯವರು 1959ರಿಂದಲೇ, ಅಂದರೆ ಸ್ವಾತಂತ್ರ್ಯಕ್ಕೂ ಮೊದಲೇ ಆ ಜಾಗದಲ್ಲಿದ್ದರು. ಪಕ್ಷ ಅನ್ನುವುದೇ ಇರಲಿಲ್ಲ ಆಗ. ಸದಸ್ಯರು ಕೂತು ಪ್ರಧಾನಿಯನ್ನು ಆರಿಸುತ್ತಿದ್ದರು, ದೊಡ್ಡ ಪಟ್ಟದವರು ಎದ್ದು ನಿಂತರೆ ಎದುರು ನಿಲ್ಲುವುದು ಅಷ್ಟು ಸುಲಭವೂ ಇರಲಿಲ್ಲ. ಆದರೂ 1970ರಲ್ಲಿ ಅವರು ಸೋತರು. ಬಂದವರು ತುಪುವಾ ತಮಸೆಸೆ ಲೆಯಾಲೊಫಿ 4ನೆಯವರು, ವೃತ್ತಿಯಲ್ಲಿ ಡಾಕ್ಟರ್. ಮೂರು ವರ್ಷಕ್ಕೆ ಮತಾಫಾ ಮತ್ತೆ ಗೆದ್ದು ಬಂದರು. 1975ರ ಮೇ ತಿಂಗಳಲ್ಲಿ ಕುರ್ಚಿಯಲ್ಲಿದ್ದಾಗಲೇ ತೀರಿಕೊಂಡರು.

ಮಗಳಿಗೆ ಆಗ 18. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಓದುತ್ತಿದ್ದ ಹುಡುಗಿ. ತಂದೆ ಹೋದ ಮೇಲೆ ಅವರ ಹೆಸರುಗಳು ಯಾರಿಗೆ ಅನ್ನುವ ಪ್ರಶ್ನೆ ಎದ್ದಿತು. ಅವಳು ಊರಿಗೆ ಬಂದು ಫಿಯಾಮೆ ಪಟ್ಟಕ್ಕೆ ಹಕ್ಕು ಹೇಳಿದಳು. ವಿಷಯ ಭೂಮಿ ಮತ್ತು ಪಟ್ಟಗಳ ಕೋರ್ಟಿಗೆ ಹೋಯಿತು. 20ರ ಹರೆಯದಲ್ಲಿ, ಮದುವೆಯಾಗದ ಹೆಣ್ಣುಮಗಳು, ಹಿರಿತಲೆಗಳ ಎದುರು ನಿಂತು ನನ್ನ ತಂದೆಯ ಹೆಸರು ನನಗೆ ಬರಬೇಕು ಅಂತ ವಾದಿಸಿ ಗೆದ್ದಳು. ಈ ಕೋರ್ಟನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

1976ರಲ್ಲಿ ಒಂದು ಹೊಸ ಸಂಗತಿ ನಡೆಯಿತು. ನಾಲ್ಕು ದೊಡ್ಡ ಪಟ್ಟಗಳಲ್ಲಿ ಒಂದೂ ಇಲ್ಲದವರು ಮೊದಲ ಸಲ ಪ್ರಧಾನಿಯಾದರು. ತುಪುವೊಲಾ ಎಫಿ. ಮೊದಲ ರಾಷ್ಟ್ರಾಧ್ಯಕ್ಷ ಮೆಯಾವೊಲೆಯವರ ಮಗ, ಗಡಿಪಾರಾಗಿದ್ದ ಓಲಾಫ್ ನೆಲ್ಸನ್ ಅವರ ಮಗಳ ಮಗ. ಮನೆತನ ದೊಡ್ಡದೇ, ಆದರೆ ಪಟ್ಟ ಇನ್ನೂ ಬಂದಿರಲಿಲ್ಲ. 1980ರ ದಶಕದಲ್ಲಿ ತಮಸೆಸೆ ಪಟ್ಟ ಬಂತು, ಹೆಸರು ಉದ್ದವಾಯಿತು. 2007ರಲ್ಲಿ ತುಯಿ ಆತುವಾ ತುಪುವಾ ತಮಸೆಸೆ ಎಫಿ ಅನ್ನುವ ಹೆಸರಿನಲ್ಲಿ ರಾಷ್ಟ್ರಾಧ್ಯಕ್ಷರಾಗಿ ಹತ್ತು ವರ್ಷ ಇದ್ದರು. ಹಳೆಯ ಪತ್ರಿಕೆ ಒಂದನ್ನು, ಹೊಸ ಪತ್ರಿಕೆ ಒಂದನ್ನು ಓದಿದವರು ಇವರನ್ನು ಇಬ್ಬರು ಬೇರೆ ಬೇರೆ ಮನುಷ್ಯರು ಅಂದುಕೊಳ್ಳುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಎಫಿ ಬಂದ ಮೇಲೆ ಎದುರಾಳಿಗಳು ಒಟ್ಟಾದರು. 1979ರಲ್ಲಿ ಮಾನವ ಹಕ್ಕುಗಳ ರಕ್ಷಣಾ ಪಕ್ಷ ಹುಟ್ಟಿತು. ಇಂಗ್ಲಿಷಿನ ನಾಲ್ಕು ಅಕ್ಷರದಲ್ಲಿ ಎಚ್‌ಆರ್‌ಪಿಪಿ ಅಂತಲೇ ಎಲ್ಲರೂ ಕರೆಯುವುದು. ಸವಾಯಿ ದ್ವೀಪದ ವಾಯಿ ಕೊಲೊನೆ ಮುಂದಾಳು, ತೊಫಿಲಾವ್ ಎತಿ ಅಲೆಸಾನಾ ಜೊತೆಗಾರರು. 1981ರಲ್ಲಿ ಸರ್ಕಾರಿ ನೌಕರರು ಸಂಬಳಕ್ಕಾಗಿ ಸುಮಾರು ಮೂರು ತಿಂಗಳು ಮುಷ್ಕರ ಹೂಡಿದರು. ಎಫಿ ಬಗ್ಗಲಿಲ್ಲ, ಜನ ಮರೆಯಲಿಲ್ಲ.

ಮುಂದಿನ ವರ್ಷ, 1982, ನನಗೆ ತುಂಬ ಇಷ್ಟವಾದ ವರ್ಷ. ಒಂದೇ ವರ್ಷದಲ್ಲಿ ಸಮೋವಾ ನಾಲ್ಕು ಪ್ರಧಾನಿ ಅವಧಿಗಳನ್ನು ನೋಡಿತು. ಏಪ್ರಿಲಿನವರೆಗೆ ಎಫಿ. ಚುನಾವಣೆಯಲ್ಲಿ ಕೂದಲೆಳೆಯ ಅಂತರದಲ್ಲಿ ಗೆದ್ದು ವಾಯಿ ಕೊಲೊನೆ ಬಂದರು. ಸೆಪ್ಟೆಂಬರಿನಲ್ಲಿ ಚುನಾವಣಾ ಅಕ್ರಮದ ಅರ್ಜಿ ಮೇಲೆ ಕೋರ್ಟು ಅವರ ಆಯ್ಕೆಯನ್ನೇ ರದ್ದು ಮಾಡಿತು. ಪ್ರಧಾನಿಯೇ ಸಂಸದ ಅಲ್ಲ ಅಂತಾಯಿತು. ರಾಷ್ಟ್ರಾಧ್ಯಕ್ಷರು ಎಫಿಯವರನ್ನು ಮತ್ತೆ ಕರೆದರು. ಡಿಸೆಂಬರಿನಲ್ಲಿ ಅವರ ಬಜೆಟ್ ಬಿದ್ದುಹೋಯಿತು. ವರ್ಷ ಮುಗಿಯಲು ಒಂದು ದಿನ ಇದ್ದಾಗ ತೊಫಿಲಾವ್ ಪ್ರಮಾಣವಚನ ಸ್ವೀಕರಿಸಿದರು. ಇಷ್ಟೆಲ್ಲ ನಡೆದರೂ ಸೈನ್ಯ ಬೀದಿಗೆ ಬರಲಿಲ್ಲ. ಸಮೋವಾಕ್ಕೆ ಸೈನ್ಯವೇ ಇಲ್ಲ ಅನ್ನುವುದೂ ನಿಜ. ಆದರೆ ಕೋಲು ಕಲ್ಲುಗಳಿಗೆ ಕೊರತೆ ಎಲ್ಲಿಯೂ ಇರುವುದಿಲ್ಲ. ಕೋರ್ಟು ಹೇಳಿತು, ಎದ್ದರು. ಸಭೆ ಹೇಳಿತು, ಎದ್ದರು.

ವಾಯಿ ಕೊಲೊನೆಯ ಆ ಐದು ತಿಂಗಳಲ್ಲೇ ಇನ್ನೊಂದು ನೋವಿನ ವಿಷಯ ನಡೆಯಿತು. ನ್ಯೂಜಿಲೆಂಡ್ ಆಳ್ವಿಕೆಯ ಒಂದು ಕಾಲದಲ್ಲಿ ಸಮೋವಾದಲ್ಲಿ ಹುಟ್ಟಿದವರು ನ್ಯೂಜಿಲೆಂಡಿನ ಪ್ರಜೆಗಳೇ ಅಂತ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಕೆಲವೇ ವಾರಗಳಲ್ಲಿ ನ್ಯೂಜಿಲೆಂಡ್ ಸಂಸತ್ತು ಕಾನೂನು ತಂದು ಆ ಪೌರತ್ವವನ್ನು ಕಿತ್ತುಕೊಂಡಿತು, ಸಮೋವಾ ಸರ್ಕಾರವೂ ಒಪ್ಪಿಕೊಳ್ಳಬೇಕಾಯಿತು. ಹೊಸದಾಗಿ ಬಂದ, ಒಂದು ಸೀಟಿನ ಮೇಲೆ ನಿಂತ ಪುಟ್ಟ ದೇಶದ ಸರ್ಕಾರ ಇನ್ನೇನು ಮಾಡೀತು? ಇನ್ನೂ ಬದುಕಿದ್ದವರಿಗೆ ಆ ಪೌರತ್ವ ಪಡೆಯುವ ದಾರಿ ಮತ್ತೆ ತೆರೆದದ್ದು 2024ರಲ್ಲಿ.

ತೊಫಿಲಾವ್ ಕೂಡ 1985ರ ಕೊನೆಯಲ್ಲಿ ಬಜೆಟ್ ಬಿದ್ದೇ ಹೊರಗೆ ಹೋದರು. ಅವರದೇ ಪಕ್ಷದವರು ಆಚೆ ಸರಿದಿದ್ದರು. ಪಕ್ಷ ಕಟ್ಟಿದ್ದ ವಾಯಿ ಕೊಲೊನೆಯೇ ಹಳೆಯ ಎದುರಾಳಿ ಎಫಿ ಜೊತೆ ಸೇರಿ ಸರ್ಕಾರ ಮಾಡಿದರು. 1988ರಲ್ಲಿ ತೊಫಿಲಾವ್ ವಾಪಸ್ ಬಂದು ಹತ್ತು ವರ್ಷ ಕದಲಲಿಲ್ಲ.

ಅವರ ದೊಡ್ಡ ಕೆಲಸ 1990ರದ್ದು. ಮತಾಯಿಗಳು ಮಾತ್ರ ಮತ ಹಾಕುವ ನಿಯಮದಿಂದ ಒಂದು ಕೆಟ್ಟ ಚಾಳಿ ಹುಟ್ಟಿಕೊಂಡಿತ್ತು. ಚುನಾವಣೆ ಹತ್ತಿರ ಬಂದರೆ ಕುಟುಂಬಗಳು ಒಂದೇ ಪಟ್ಟವನ್ನು ಹತ್ತಾರು ಜನರಿಗೆ ಹಂಚಿ ಮತ ಹೆಚ್ಚಿಸಿಕೊಳ್ಳುತ್ತಿದ್ದವು. ಅಂಥವರಿಗೆ ಮತಾಯಿ ಪಾಲೊತಾ ಅನ್ನುತ್ತಿದ್ದರು, ಓಟಿನ ಮತಾಯಿ ಅಂದ ಹಾಗೆ. ಹೆಸರಿನ ತೂಕವೇ ಹೋಗುತ್ತಿತ್ತು. ತೊಫಿಲಾವ್ ಜನಮತ ಕೇಳಿದರು. ಸಣ್ಣ ಅಂತರದಲ್ಲಿ ಜನ ಒಪ್ಪಿದರು. 21 ತುಂಬಿದ ಎಲ್ಲರಿಗೂ ಮತ, ನಿಲ್ಲುವುದು ಮಾತ್ರ ಮತಾಯಿಗಳು. ಮತ ಎಲ್ಲರಿಗೂ ಕೊಟ್ಟು ಹೆಸರನ್ನು ಉಳಿಸಿಕೊಂಡರು. ಪಟ್ಟವಿಲ್ಲದ ಹೆಂಗಸರಿಗೂ, ಗಂಡಸರಿಗೂ ಸಂಸತ್ತಿನ ಚುನಾವಣೆಯಲ್ಲಿ 1991ರಲ್ಲಿ ಮೊದಲ ಸಲ ಓಟು ಸಿಕ್ಕಿತು. ಅದೇ ಚುನಾವಣೆಯ ಮೇಲೆ ಫಿಯಾಮೆ ನವೋಮಿ ಶಿಕ್ಷಣ ಮಂತ್ರಿಯಾದರು, ಸಂಪುಟ ಸೇರಿದ ಮೊದಲ ಮಹಿಳೆ. ಲೊತೊಫಾಂಗಾ ಕ್ಷೇತ್ರದಿಂದ 1985ರಲ್ಲೇ ಗೆದ್ದು ಬಂದಿದ್ದರು.

ತೊಫಿಲಾವ್ ಕಾಲವನ್ನು ಸುಮ್ನೆ ಹೊಗಳಿ ಮುಗಿಸಲು ನನಗೆ ಮನಸ್ಸಿಲ್ಲ. 1990ರಲ್ಲಿ, 1991ರಲ್ಲಿ ಎರಡು ದೊಡ್ಡ ಚಂಡಮಾರುತ ಬಡಿದವು. 1993ರಲ್ಲಿ ಅಲ್ಲಿನವರ ಮುಖ್ಯ ಆಹಾರವಾದ ಟಾರೊ ಗೆಡ್ಡೆಯ ಬೆಳೆ, ನಮ್ಮ ಕೆಸುವಿನ ಜಾತಿಯದೇ, ಎಲೆ ರೋಗಕ್ಕೆ ನೆಲಕಚ್ಚಿತು. ಅಂಥ ಹೊತ್ತಲ್ಲಿ 1994ರಲ್ಲಿ ಸರಕು ಮತ್ತು ಸೇವೆಗಳ ಮೇಲೆ ಹೊಸ ತೆರಿಗೆ ಬಂತು, ಸಾವಿರಾರು ಜನ ಆಪಿಯಾದಲ್ಲಿ ಬೀದಿಗಿಳಿದರು. ಅದೇ ವರ್ಷ ಮುಖ್ಯ ಲೆಕ್ಕಪರಿಶೋಧಕರು ಸರ್ಕಾರಿ ಇಲಾಖೆಗಳ ಭ್ರಷ್ಟಾಚಾರದ ಬಗ್ಗೆ ವರದಿ ಕೊಟ್ಟರು. ಆಮೇಲೆ ಅಮಾನತಾದದ್ದು ವರದಿ ಕೊಟ್ಟ ಅಧಿಕಾರಿ. ಇದು ಅವರ ಲೆಕ್ಕದಲ್ಲಿ ಕಪ್ಪು ಚುಕ್ಕೆಯಾಗಿಯೇ ಉಳಿಯಬೇಕು. ಅಧಿಕಾರ ಬಿಟ್ಟದ್ದು ಮಾತ್ರ ತಾವಾಗಿಯೇ. ಆರೋಗ್ಯ ಕೆಟ್ಟಿತ್ತು, 1998ರ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟರು, ನಾಲ್ಕು ತಿಂಗಳಲ್ಲಿ ತೀರಿಕೊಂಡರು.

ಬಂದವರು ತುಯಿಲಾಯೆಪಾ ಸಾಯಿಲೆಲೆ ಮಲಿಯೆಲೆಂಗಾವೊಯಿ. 22 ವರ್ಷಕ್ಕೂ ಜಾಸ್ತಿ ಕಾಲ ಪ್ರಧಾನಿ. ಆಕ್ಲೆಂಡಿನಲ್ಲಿ ವಾಣಿಜ್ಯದಲ್ಲಿ ಸ್ನಾತಕೋತ್ತರ ಓದಿದವರು, ಲೆಕ್ಕ ಬಲ್ಲವರು. ಲೆಪಾ ಅನ್ನುವ ಕರಾವಳಿ ಊರಿನವರು. ಬಂದ ಮೊದಲ ವರ್ಷವೇ ದೇಶ ಬೆಚ್ಚಿಬಿತ್ತು. 1999ರ ಜುಲೈ 16, ಪಕ್ಷದ 20ನೇ ವರ್ಷದ ಸಮಾರಂಭ ನಡೆಯುತ್ತಿದ್ದಾಗ ಮಂತ್ರಿ ಲುವಾಂಗಲಾವ್ ಲೆವಾವುಲಾ ಕಾಮು ಅವರನ್ನು ಗುಂಡಿಟ್ಟು ಕೊಂದರು. ಭ್ರಷ್ಟಾಚಾರಕ್ಕೆ ಕೈ ಹಾಕಿದ್ದ ಮಂತ್ರಿ ಅವರು. ಗುಂಡು ಹಾರಿಸಿದವನು ಇನ್ನೊಬ್ಬ ಮಂತ್ರಿಯ ಮಗ. ಆ ಮಂತ್ರಿ, ಮತ್ತೊಬ್ಬ ಮಾಜಿ ಮಂತ್ರಿ, ಇಬ್ಬರ ಮೇಲೂ ಅಪರಾಧ ಸಾಬೀತಾಯಿತು. ಮರಣದಂಡನೆ ಆಗಿ, ಆಮೇಲೆ ಜೀವಾವಧಿಗೆ ಇಳಿಯಿತು. ಅಲ್ಲಿ ಎಲ್ಲವೂ ಶಾಂತಿಯಿಂದಲೇ ನಡೆಯಿತು ಅಂತ ಯಾರಾದರೂ ಹೇಳಿದರೆ ಈ ದಿನವನ್ನು ನೆನಪಿಸಬೇಕು.

ತುಯಿಲಾಯೆಪಾ ಹಟವಾದಿ. 2009ರ ಸೆಪ್ಟೆಂಬರ್ 7ಕ್ಕೆ ಇಡೀ ದೇಶದ ವಾಹನಗಳನ್ನು ರಸ್ತೆಯ ಬಲಗಡೆಯಿಂದ ಎಡಗಡೆಗೆ ತಿರುಗಿಸಿದರು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿರುವ ನೆಂಟರು ಹಳೆಯ ಕಾರುಗಳನ್ನು ಕಳಿಸಿಕೊಟ್ಟರೆ ಬಡವರಿಗೂ ಗಾಡಿ ಸಿಗುತ್ತದೆ ಅನ್ನುವ ಲೆಕ್ಕ. ದೊಡ್ಡ ಪ್ರತಿಭಟನೆ ನಡೆಯಿತು, ಕೋರ್ಟಿಗೂ ಹೋದರು, ಅವರು ಬಿಡಲಿಲ್ಲ. ಮೂರು ವಾರಕ್ಕೆ, ಸೆಪ್ಟೆಂಬರ್ 29ರ ಬೆಳಿಗ್ಗೆ ಸುನಾಮಿ ಬಂತು. ಸಮೋವಾದಲ್ಲಿ ಸುಮಾರು 150 ಜನ ಹೋದರು. ಅವರದೇ ಲೆಪಾ, ಪಕ್ಕದ ಲಾಲೊಮಾನು ಕೊಚ್ಚಿಹೋದ ಊರುಗಳಲ್ಲಿದ್ದವು. 2011ರಲ್ಲಿ ದಿನದ ಲೆಕ್ಕವನ್ನೇ ಬದಲಿಸಿದರು. ಡಿಸೆಂಬರ್ 29ರ ಗುರುವಾರ ಮಲಗಿದ ಜನ 31ರ ಶನಿವಾರ ಎದ್ದರು. ಆ ವರ್ಷ ಸಮೋವಾಕ್ಕೆ ಡಿಸೆಂಬರ್ 30 ಇರಲೇ ಇಲ್ಲ. ವ್ಯಾಪಾರ ನಡೆಯುವ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗಿಂತ ಒಂದು ದಿನ ಹಿಂದೆ ಇದ್ದರೆ ವಾರದಲ್ಲಿ ಎರಡು ಕೆಲಸದ ದಿನ ನಷ್ಟ ಅಂತ ಅವರ ವಾದ. 1892ರಲ್ಲಿ ಅಮೆರಿಕದ ವ್ಯಾಪಾರಕ್ಕಾಗಿ ಆಚೆ ಹೋಗಿದ್ದ ದಿನರೇಖೆಯನ್ನು ಈಚೆ ತಂದರು. ಇಂಥ ಧೈರ್ಯ ಎಲ್ಲರಿಗೂ ಬರುವುದಿಲ್ಲ, ಒಪ್ಪುತ್ತೇನೆ.

ಆದರೆ 2016ರ ಚುನಾವಣೆಯಾದ ಮೇಲೆ, ಪಕ್ಷೇತರರು ಬಂದು ಸೇರಿಕೊಂಡು, 50 ಜನರ ಸಭೆಯಲ್ಲಿ ಅವರ ಕಡೆ 47 ಮಂದಿಯಾದರು. ಎದುರು ಮಾತಾಡುವವರೇ ಇಲ್ಲದ ಸಭೆ. ಅಲ್ಲಿಂದಲೇ ಎಲ್ಲ ಹಳಿ ತಪ್ಪಿತು ಅಂತ ನನ್ನ ಅನಿಸಿಕೆ. 2018ರಲ್ಲಿ ಲಸಿಕೆಯ ಜೊತೆ ತಪ್ಪು ಔಷಧಿ ಬೆರೆಸಿದ್ದರಿಂದ ಎರಡು ಹಸುಗೂಸುಗಳು ಸತ್ತವು. ಲಸಿಕೆ ಹಾಕುವುದೇ ತಿಂಗಳುಗಟ್ಟಲೆ ನಿಂತುಹೋಯಿತು, ಜನರ ಭಯ ಹೋಗಲಿಲ್ಲ. 2019ರ ಕೊನೆಯಲ್ಲಿ ದಡಾರ ಬಂತು. 83 ಜನ ಸತ್ತರು, ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಲಸಿಕೆ ಹಾಕಿಸದ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟಿ ಅಂತ ಹೇಳಿ, ಇಡೀ ದೇಶ ಮುಚ್ಚಿ, ಮನೆ ಮನೆಗೆ ಹೋಗಿ ಲಸಿಕೆ ಹಾಕಿದರು. 1918ರ ಜ್ವರವನ್ನು ನೆನೆದವರು ಅಲ್ಲಿ ಎಷ್ಟು ಮಂದಿಯೋ.

ಈಗ ಆ ಕೋರ್ಟಿಗೆ ಬರುತ್ತೇನೆ. 2020ರಲ್ಲಿ ಸರ್ಕಾರ ಮೂರು ಮಸೂದೆಗಳನ್ನು ತಂದಿತು. ಭೂಮಿ ಮತ್ತು ಪಟ್ಟಗಳ ಕೋರ್ಟನ್ನು ಸುಪ್ರೀಂ ಕೋರ್ಟಿನಿಂದ ಪೂರ್ತಿ ಬೇರೆ ಮಾಡಿ, ಅದರ ತೀರ್ಪನ್ನು ಮೇಲಿನವರು ಪ್ರಶ್ನಿಸದಂತೆ ಮಾಡುವುದು ಅದರ ತಿರುಳು. ನಮ್ಮ ಪದ್ಧತಿಗೆ ನಮ್ಮದೇ ಕೋರ್ಟು ಅಂದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಯಾರಿಗಾದರೂ ಅನ್ಯಾಯವಾದರೆ ಹೋಗಲು ಇನ್ನೊಂದು ಬಾಗಿಲು ಇರುವುದಿಲ್ಲ. ಆಗ ಉಪಪ್ರಧಾನಿಯಾಗಿದ್ದವರು ಫಿಯಾಮೆ. 20ರ ಹರೆಯದಲ್ಲಿ ಅದೇ ಕೋರ್ಟಿನಲ್ಲಿ ನಿಂತು ಹೆಸರು ಪಡೆದವರು. ಸೆಪ್ಟೆಂಬರಿನಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಗೆ ಬಂದರು. ಮೂರು ದಶಕ ಕೂತ ಪಕ್ಷ, ಎರಡನೇ ಕುರ್ಚಿ, ಎಲ್ಲ ಬಿಟ್ಟು. ಮಾಜಿ ಸ್ಪೀಕರ್ ಲಾವುಲಿ ಕಟ್ಟಿದ್ದ ಫಾಸ್ಟ್ ಪಕ್ಷಕ್ಕೆ ಮುಂದಾಳಾದರು.

2021ರ ಏಪ್ರಿಲ್ 9ರ ಚುನಾವಣೆ. ಫಾಸ್ಟ್ 25, ಎಚ್‌ಆರ್‌ಪಿಪಿ 25, ಪಕ್ಷೇತರ 1. ಕಣ್ಣು ಕಣ್ಣು ಬಿಟ್ಟು ನೋಡಬೇಕು ಅಂಥ ಫಲಿತಾಂಶ. ಅಷ್ಟರಲ್ಲಿ ಸಂವಿಧಾನದಲ್ಲಿದ್ದ ಹತ್ತನೇ ಒಂದು ಭಾಗದ ಮಹಿಳಾ ಪಾಲಿನ ಲೆಕ್ಕ ಹಿಡಿದು ಚುನಾವಣಾ ಆಯುಕ್ತರು ಎಚ್‌ಆರ್‌ಪಿಪಿಯ ಒಬ್ಬ ಮಹಿಳೆಯನ್ನು ಸೇರಿಸಿದರು. 51ರಲ್ಲಿ ಐದು ಮಹಿಳೆಯರಿದ್ದರೆ ನೂರಕ್ಕೆ 9.8 ಆಗುತ್ತದೆ, ಹತ್ತಾಗುವುದಿಲ್ಲ, ಹಾಗಾಗಿ ಆರನೆಯವರು ಬೇಕು ಅಂತ. ಪಕ್ಷೇತರ ಸದಸ್ಯರು ಫಾಸ್ಟ್ ಸೇರಿದರು. 26ಕ್ಕೆ 26. ರಾಷ್ಟ್ರಾಧ್ಯಕ್ಷರು ಮತ್ತೆ ಚುನಾವಣೆ ಅಂದರು. ಸುಪ್ರೀಂ ಕೋರ್ಟು ಎರಡನ್ನೂ ತಳ್ಳಿಹಾಕಿತು. ಚುನಾವಣೆಯಾದ 45 ದಿನದೊಳಗೆ ಸಂಸತ್ತು ಸೇರಲೇಬೇಕು, ಅಂದರೆ ಮೇ 24. ಶನಿವಾರ ರಾತ್ರಿ ರಾಷ್ಟ್ರಾಧ್ಯಕ್ಷರು ಸಭೆಯನ್ನು ತಡೆದರು. ಭಾನುವಾರ ಚರ್ಚು ಬಿಟ್ಟು ಬೇರೇನೂ ನಡೆಯದ ಆ ದೇಶದಲ್ಲಿ ನ್ಯಾಯಾಧೀಶರು ಭಾನುವಾರವೇ ಕೂತು ಆ ಆದೇಶವನ್ನು ರದ್ದು ಮಾಡಿದರು.

ಸೋಮವಾರ ಮುಲಿನುವುವಿನ ಸಂಸತ್ ಭವನಕ್ಕೆ ಮುಖ್ಯ ನ್ಯಾಯಮೂರ್ತಿಗಳೇ ನಡೆದು ಹೋದರು. ಬಾಗಿಲಿಗೆ ಬೀಗ. ಹೊರಗೆ ಜನ ಭಕ್ತಿಗೀತೆ ಹಾಡುತ್ತಿದ್ದರು. ಸಂಜೆ ಹುಲ್ಲಿನ ಮೇಲೆ ಶಾಮಿಯಾನ ಹಾಕಿ, ಅದರಡಿ ಫಿಯಾಮೆ ಪ್ರಮಾಣವಚನ ತೆಗೆದುಕೊಂಡರು. ತುಯಿಲಾಯೆಪಾ ಇದನ್ನು ಒಪ್ಪಲಿಲ್ಲ. ಎರಡು ತಿಂಗಳು ಹೀಗೇ ಎಳೆಯಿತು. ಜುಲೈ 23ಕ್ಕೆ ಮೇಲ್ಮನವಿ ಕೋರ್ಟು ಹೇಳಿತು, ಶಾಮಿಯಾನದ ಪ್ರಮಾಣವಚನ ಸರಿ, ಮೇ 24ರಿಂದಲೇ ಇದೇ ಸರ್ಕಾರ. ಮೂರು ದಿನಕ್ಕೆ ತುಯಿಲಾಯೆಪಾ ಸೋಲೊಪ್ಪಿದರು. ಮೂರೂವರೆ ತಿಂಗಳ ಆ ಹಗ್ಗಜಗ್ಗಾಟದಲ್ಲಿ ಯಾರೂ ಸಾಯಲಿಲ್ಲ. ಇದನ್ನು ಹೇಳುವಾಗ ಅವತ್ತು ನನ್ನ ಗಂಟಲು ಕಟ್ಟಿತ್ತು, ಕೇಳಿದವರು ಗಮನಿಸಿರಬಹುದು. ಆದರೆ ಆ ಬೀಗವನ್ನು ನಾನು ಕ್ಷಮಿಸಲಾರೆ. 1982ರಲ್ಲಿ ಕೋರ್ಟು ಹೇಳಿದ ಕೂಡಲೇ ಪ್ರಧಾನಿ ಎದ್ದಿದ್ದ ದೇಶ ಅದು. 22 ವರ್ಷ ಕೂತರೆ ಕುರ್ಚಿ ನನ್ನದೇ ಅನ್ನಿಸಿಬಿಡುತ್ತದೇನೋ.

ಫಿಯಾಮೆಯ ಆಡಳಿತವೂ ತಪ್ಪಿಲ್ಲದ್ದಲ್ಲ. ವಾಯುಸು ಕೊಲ್ಲಿಯಲ್ಲಿ ಚೀನಾ ಸಾಲದ ದೊಡ್ಡ ಬಂದರು ಬೇಡ ಅಂದದ್ದು ಒಳ್ಳೆಯದೇ ಆಯಿತು, ಅಷ್ಟು ಸಾಲ ಹೊರುವ ಶಕ್ತಿ ಆ ದೇಶಕ್ಕಿಲ್ಲ. ಆದರೆ 2022ರಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ತುಯಿಲಾಯೆಪಾ ಅವರನ್ನು ಸಂಸತ್ತಿನಿಂದ ಅಮಾನತು ಮಾಡಿದ್ದು ನನಗೆ ಸರಿ ಕಾಣಲಿಲ್ಲ. ಜನ ಕಳಿಸಿದವರನ್ನು ಹೊರಗಿಡುವುದು ಬೇರೆ ರೀತಿಯ ಬೀಗವೇ ಅಲ್ವಾ? 2025ರ ಜನವರಿಯಲ್ಲಿ ಫಿಯಾಮೆಗೂ ಲಾವುಲಿಗೂ ಒಡೆಯಿತು. ಲಾವುಲಿ ಮೇಲೆ ಪೊಲೀಸ್ ಕೇಸು ಬಂದಿತ್ತು, ಅವರನ್ನು ಫಿಯಾಮೆ ಸಂಪುಟದಿಂದ ತೆಗೆದರು, ಪಕ್ಷ ಫಿಯಾಮೆಯನ್ನೇ ಹೊರಗೆ ಹಾಕಿತು. ಎರಡು ಅವಿಶ್ವಾಸ ನಿರ್ಣಯಗಳನ್ನು ಗೆದ್ದರು. ಮೇ 27ಕ್ಕೆ ಬಜೆಟ್ ಬಿತ್ತು, ಪರವಾಗಿ 16, ವಿರುದ್ಧ 34. ಎಫಿಗೆ, ತೊಫಿಲಾವ್‌ಗೆ ಬಂದದ್ದೇ ಇವರಿಗೂ ಬಂತು. ಅವರು ಬಾಗಿಲು ಹಾಕಿಕೊಳ್ಳಲಿಲ್ಲ. ಸಂಸತ್ತು ವಿಸರ್ಜಿಸಿ ಜನರ ಹತ್ತಿರ ಹೋಗೋಣ ಅಂದರು.

ಆಗಸ್ಟ್ 29ರ ಚುನಾವಣೆಯಲ್ಲಿ ಫಾಸ್ಟ್ ಬಹುಮತ ಪಡೆಯಿತು. ಫಿಯಾಮೆಯ ಹೊಸ ಪಕ್ಷಕ್ಕೆ ಬಂದದ್ದು ಮೂರೇ ಸೀಟು, ಅದರಲ್ಲಿ ಒಂದು ಅವರದೇ ಲೊತೊಫಾಂಗಾ. ಸೆಪ್ಟೆಂಬರ್ 16ಕ್ಕೆ ಲಾವುಲಿ ಪ್ರಧಾನಿಯಾದರು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಹೆಣ್ಣುಮಗಳು ಕೇಳಿದರು, ಕುರ್ಚಿ ಹೋಯಿತಲ್ಲ, ಹೆಸರೂ ಹೋಯಿತಾ ಅಂತ. ಇಲ್ಲಮ್ಮಾ, ಹೆಸರು ಸಂಸತ್ತು ಕೊಟ್ಟದ್ದಲ್ಲ, ಹಾಗಾಗಿ ಸಂಸತ್ತಿಗೆ ಅದನ್ನು ತೆಗೆಯಲು ಬರುವುದಿಲ್ಲ. ಅವರು ಈಗಲೂ ಫಿಯಾಮೆಯೇ. ಅವರ ಕಾಲ ಮುಗಿದ ಮೇಲೆ ಮನೆಯವರು ಮತ್ತೆ ಜಗುಲಿಯಲ್ಲಿ ಕೂರುತ್ತಾರೆ, ಯಾರಿಗೆ ಕೊಡಬೇಕು ಅಂತ ಮಾತಾಡುತ್ತಾರೆ.